ಒಗ್ಗರಣೆ ಸಿಡಿಯುವ ಗೋಡೆ

ಅಹಮದಾಬಾದಿನ ತಾರಸಿಗಳ ಮೇಲೆ ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಕೂರಿಸುತ್ತಾರೆ. 'ಚೀನಾ ಮೊಸಾಯಿಕ್' ಎಂದು ಅದರ ಹೆಸರು. ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ವಾಸ್ತುಶಿಲ್ಪಿ ಬಿ.ವಿ. ದೋಶಿಯವರ 'ಸಂಗಾತ್' ಕಟ್ಟಡದ ಕಮಾನು ಚಾವಣಿಗಳ ಮೇಲೂ ಅದೇ. ಅದಕ್ಕೆ ಮರುಳಾಗಿ ನಮ್ಮ ಅಡುಗೆಮನೆಯ ಒಲೆಯ ಹಿಂದಿನ ಗೋಡೆಗೆ ಒಂದಿಂಚಿನ ಬಿಳಿ ಮೊಸಾಯಿಕ್ ಹಾಕಿಸಿದೆ.

ಚಾವಣಿಯನ್ನು ಮಳೆ ತೊಳೆಯುತ್ತದೆ. ಈ ಗೋಡೆಯನ್ನು ಯಾರು ತೊಳೆಯಬೇಕು? ಇಲ್ಲಿನವರ ವಘಾರ್, ನಮ್ಮ ಒಗ್ಗರಣೆ ಒಂದೇ ಬೇರಿನ ಪದಗಳು. ಸಿಡಿಯುವುದೂ ಒಂದೇ ಥರ. ಲೆಕ್ಕ ಹಾಕಿ ನೋಡಿ: ಒಂದಿಂಚಿನ ಮೊಸಾಯಿಕ್ ಆದರೆ ಚದರಡಿಗೆ ಸುಮಾರು 24 ಅಡಿ ಸಂದು. ಒಂದಡಿಗೆ ಎರಡಡಿಯ ಟೈಲ್ಸ್ ಆದರೆ ಒಂದೂವರೆ ಅಡಿ. ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ಎಣ್ಣೆ, ಅರಿಸಿನ ಎರಡನ್ನೂ ಹೀರುತ್ತದೆ. ಎಪಾಕ್ಸಿ ಗ್ರೌಟ್ ಹೀರುವುದಿಲ್ಲ. "ಅದು ದುಬಾರಿ, ಬೆನ್" ಎಂದ ಮೇಸ್ತ್ರಿ. ನಾನೂ ದುಡ್ಡು ಉಳಿಸಿದೆ. ಆರು ತಿಂಗಳಿಗೆ ಸಂದುಗಳೆಲ್ಲ ಹಳದಿ.

ಮೊಸಾಯಿಕ್ ಬೇಡವೆನ್ನುತ್ತಿಲ್ಲ. ಒಲೆಯ ಹಿಂದೆ ದೊಡ್ಡ ಟೈಲ್ಸ್ ಇರಲಿ, ಮೊಸಾಯಿಕ್ ಪಕ್ಕದ ಗೋಡೆಗೆ ಹೋಗಲಿ. ಅಲ್ಲೇ ಬೇಕೆಂದರೆ ಎಪಾಕ್ಸಿಯಲ್ಲಿ ಜಿಪುಣತನ ಬೇಡ. ಅದಕ್ಕೂ ಮೊದಲು, ಉಜ್ಜುವವರನ್ನು ಕೇಳಿ. ಫೋಟೋ ನೋಡಿ ಆರಿಸಿದ್ದು ನಾನು. ಹಳೇ ಬ್ರಶ್ ಹಿಡಿದು ಸಂದು ತಿಕ್ಕುತ್ತಿರುವುದು ಕೆಲಸಕ್ಕೆ ಬರುವ ಬೆನ್. ಅವರನ್ನು ನಾನು ಒಂದು ಮಾತು ಕೇಳಿರಲಿಲ್ಲ.