ಹಾಳೂರು ನೋಡಲು ಹೋಗುವವರಿಗೆ



ಕಳೆದ ತಿಂಗಳು ಆಳಂದದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಗುರುವಂದನಾ ಕಾರ್ಯಕ್ರಮ ಏರ್ಪಡಿಸಿದ್ದರು. ಶಾಲು ಹೊದಿಸಿ, ಹಾರ ಹಾಕಿ, ನಾವು ಕಲಿಸಿದ್ದಕ್ಕಿಂತ ಹೆಚ್ಚಿನದನ್ನು ನಮ್ಮ ಮೇಲೆ ಹೊರಿಸಿ ಮಾತನಾಡಿದರು. ಊಟದ ಹೊತ್ತಿನಲ್ಲಿ, ಈಗ ಯುರೋಪಿನಲ್ಲಿ ನೌಕರಿಯಲ್ಲಿರುವ ಶಿಷ್ಯನೊಬ್ಬ ಪಕ್ಕದಲ್ಲಿ ಬಂದು ಕುಳಿತು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. 2019ರಲ್ಲಿ ಅವನು ಚೆರ್ನೋಬಿಲ್ ಪ್ರವಾಸ ಮಾಡಿ ಬಂದಿದ್ದನಂತೆ. ಒಂದು ಚಿತ್ರದಲ್ಲಿ ಪಾಳುಬಿದ್ದ ಶಾಲೆಯ ಕೋಣೆ. ನೆಲದ ತುಂಬ ಹರಿದ ಪುಸ್ತಕಗಳು. ಅವುಗಳ ನಡುವೆ ಇವನು ಅನಿಲದ ಮುಖವಾಡ ತೊಟ್ಟು, ಎರಡು ಬೆರಳೆತ್ತಿ ನಿಂತಿದ್ದಾನೆ.

“ಯುದ್ಧದ ಸಲುವಾಗಿ ಈಗ ಬಂದ್ ಆಗ್ಯದ್ರಿ ಸರ್. ಮತ್ತ ಚಾಲೂ ಆತಂದ್ರ ನಿಮ್ಮನ್ನ ಕರ್ಕೊಂಡು ಹೋಗ್ತೀನ್ರಿ, ಖರ್ಚೆಲ್ಲ ನಂದು” ಎಂದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ನಕ್ಕು ಸುಮ್ಮನಾದೆ. ಅಂದು ಬಾಯಿಗೆ ಬಾರದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ದೂರು ಅವನೊಬ್ಬನ ಮೇಲಿನದಲ್ಲ. ಮುಂದೆ ಓದಿದರೆ ಮೊದಲ ಆರೋಪಿ ನಾನೇ ಎಂಬುದು ನಿಮಗೆ ತಿಳಿಯುತ್ತದೆ.

ಮೊದಲು ಆ ಊರಿನ ಸಂಗತಿ. ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ನೌಕರರಿಗಾಗಿ 1970ರಲ್ಲಿ ಕಟ್ಟಿದ ಪಟ್ಟಣ ಪ್ರಿಪ್ಯಾತ್. ಅಲ್ಲಿ ಸುಮಾರು 49,000 ಜನರಿದ್ದರು. 1986ರ ಏಪ್ರಿಲ್ 26ರ ನಸುಕಿನಲ್ಲಿ, 1 ಗಂಟೆ 23 ನಿಮಿಷಕ್ಕೆ, ಸ್ಥಾವರದ ನಾಲ್ಕನೆಯ ಘಟಕ ಸ್ಫೋಟಿಸಿತು. ಅಂದು ಶನಿವಾರ. ಬೆಳಗಾದ ಮೇಲೆ ಆ ಊರಿನ ಮಕ್ಕಳು ಎಂದಿನಂತೆ ಪಾಟೀಚೀಲ ಹೊತ್ತು ಶಾಲೆಗೆ ಹೋದರು. ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಊರು ಖಾಲಿ ಮಾಡಿಸಿದ್ದು ಮರುದಿನ ಮಧ್ಯಾಹ್ನ, ಅಂದರೆ ಸುಮಾರು ಮೂವತ್ತಾರು ತಾಸುಗಳ ನಂತರ. ಸಾವಿರಕ್ಕೂ ಹೆಚ್ಚು ಬಸ್ಸುಗಳು ಬಂದವು. ಮೂರು ದಿನಕ್ಕೆ ಸಾಕಾಗುವಷ್ಟು ಸಾಮಾನು ತೆಗೆದುಕೊಳ್ಳಿರೆಂದು ಜನರಿಗೆ ತಿಳಿಸಿದರು. ಆ ಮೂರು ದಿನ ಇನ್ನೂ ಮುಗಿದಿಲ್ಲ.

ನನ್ನ ಶಿಷ್ಯ ತೊಟ್ಟ ಮುಖವಾಡದ ಕತೆಯನ್ನೂ ಕೇಳಿರಿ. ಅಂಥವನ್ನು ನಾಗರಿಕ ರಕ್ಷಣೆಗೆಂದು ಶಾಲೆಯಲ್ಲಿ ಮೊದಲೇ ಸಂಗ್ರಹಿಸಿ ಇಟ್ಟಿದ್ದರು. ಅಪಘಾತದ ದಿನ ಮಕ್ಕಳ ಮುಖಕ್ಕೆ ಅವು ಏರಲಿಲ್ಲ. ಅವು ನೆಲದ ಮೇಲೆ ಹರಡಿದ್ದು ಊರು ಬರಿದಾದ ಎಷ್ಟೋ ಕಾಲದ ಮೇಲೆ. ಶಿಶುವಿಹಾರದ ಮಂಚಗಳ ಮೇಲೆ ಕಾಣುವ ಬೊಂಬೆಗಳೂ ಹಾಗೆಯೇ. ಎಷ್ಟೋ ಬೊಂಬೆಗಳನ್ನು ಛಾಯಾಚಿತ್ರಕ್ಕೆ ಚೆನ್ನಾಗಿ ಕಾಣಲೆಂದು ಬಂದುಹೋದವರು ಜೋಡಿಸಿಟ್ಟಿದ್ದಾರೆ. ಅಂದರೆ ಜನ ಅಷ್ಟು ದೂರ ಹೋಗಿ ನೋಡಿದ್ದು ದುರಂತವನ್ನಲ್ಲ, ತಮ್ಮಂಥ ನೋಡುಗರು ಕಟ್ಟಿದ ನಾಟಕದ ರಂಗಸಜ್ಜಿಕೆಯನ್ನು!

ಉಕ್ರೇನ್ ಸರಕಾರ 2011ರಲ್ಲಿ ಈ ಪ್ರವಾಸಕ್ಕೆ ಅಧಿಕೃತ ಅನುಮತಿ ನೀಡಿತು. 2019ರಲ್ಲಿ ಅಮೆರಿಕದ ದೂರದರ್ಶನ ಧಾರಾವಾಹಿಯೊಂದು ಜಗತ್ತಿನಲ್ಲೆಲ್ಲ ಹೆಸರು ಮಾಡಿದ ಮೇಲೆ, ಆ ಒಂದೇ ವರ್ಷ ಲಕ್ಷಕ್ಕೂ ಮೀರಿ ಜನ ಹೋದರು. ವಿಕಿರಣ ಅಳೆಯುವ ಯಂತ್ರವನ್ನು ಬಾಡಿಗೆಗೆ ಕೊಡುವುದು, ಅದು ಜೋರಾಗಿ ಕೂಗುವ ಜಾಗಕ್ಕೇ ಕರೆದೊಯ್ಯುವುದು, ಜನ ಕಿಟಾರನೆ ಕಿರುಚಿ ನಗುವುದು, ಇದೆಲ್ಲ ಪ್ರವಾಸದ ಭಾಗವಾಯಿತು. ಒಂದು ದಿನದ ಭೇಟಿಯಲ್ಲಿ ತಗಲುವ ವಿಕಿರಣ ಕೆಲವು ತಾಸಿನ ವಿಮಾನ ಪ್ರಯಾಣದಲ್ಲಿ ತಗಲುವಷ್ಟೇ ಎಂದು ಬಲ್ಲವರು ಹೇಳುತ್ತಾರೆ. ಆದ್ದರಿಂದ ಅಪಾಯವಿದೆ, ಹೋಗಬೇಡಿರೆಂಬುದು ನನ್ನ ವಾದವಲ್ಲ. ಇಲ್ಲದ ಅಪಾಯವನ್ನು ರೋಮಾಂಚನವೆಂದು ಮಾರಿ, ಇದ್ದ ದುಃಖವನ್ನು ಮರೆಸುವ ವ್ಯಾಪಾರಕ್ಕೆ ನನ್ನ ವಿರೋಧ. 2022ರ ಫೆಬ್ರುವರಿಯಲ್ಲಿ ರಷ್ಯದ ಸೈನ್ಯ ಆ ಪ್ರದೇಶವನ್ನು ಹೊಕ್ಕಿತು. ಅಂದಿಗೆ ಪ್ರವಾಸ ನಿಂತಿತು. ಊರು ಎರಡನೆಯ ಸಲ ಪೆಟ್ಟು ತಿಂದಿದೆ. ನಮ್ಮವರ ಪ್ರಶ್ನೆ ಮಾತ್ರ “ಮತ್ತೆ ಯಾವಾಗ ಚಾಲೂ?” ಎಂಬುದು.

ಈಗ ನನ್ನ ತಪ್ಪೊಪ್ಪಿಗೆ.

1993ರ ಸೆಪ್ಟೆಂಬರ್ 30. ಗಣೇಶನ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ನಸುಕಿನ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷಗಳಿರುವಾಗ ಆಳಂದದ ನಮ್ಮ ಮನೆಯ ಮಾಡದಲ್ಲಿದ್ದ ಪಾತ್ರೆಗಳು ತಾವಾಗಿ ಉರುಳಿ ಬಿದ್ದವು. ನಾವು ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆವು. ಬೆಳಕು ಹರಿದ ಮೇಲೆ ಗಡಿಯಾಚೆಯ ಕಿಲ್ಲಾರಿ, ಸಾಸ್ತೂರಗಳ ಸುದ್ದಿ ಬಂತು. ಸತ್ತವರು ಸುಮಾರು ಹತ್ತು ಸಾವಿರ. ಮೂರು ದಿನ ಕಳೆದ ಮೇಲೆ ನಾವು ಐದಾರು ಜನ ಶಿಕ್ಷಕರು ಜೀಪು ಬಾಡಿಗೆಗೆ ಹಿಡಿದು, ಬುತ್ತಿ ಕಟ್ಟಿಕೊಂಡು, ಉಮರ್ಗಾ ಮಾರ್ಗವಾಗಿ ಕಿಲ್ಲಾರಿ “ನೋಡಲು” ಹೋದೆವು. ನನ್ನ ಹೆಗಲಲ್ಲಿ ಎರವಲು ತಂದ ಕ್ಯಾಮೆರಾ ಇತ್ತು.

ದಾರಿಯುದ್ದಕ್ಕೂ ನಮ್ಮಂಥವರದೇ ದಟ್ಟಣೆ. ಪರಿಹಾರ ಸಾಮಗ್ರಿಯ ಲಾರಿಗಳು ನಮ್ಮ ಜೀಪುಗಳ ಹಿಂದೆ ನಿಂತು ಹಾರ್ನ್ ಹಾಕುತ್ತಿದ್ದವು. ಊರಿನಲ್ಲಿ ಗೋಡೆಗಳೆಲ್ಲ ಕುಸಿದಿದ್ದವು; ಒಂದು ಮನೆಯ ಬಾಗಿಲ ಚೌಕಟ್ಟು ಮಾತ್ರ ತೋರಣದ ಸಮೇತ ನಿಂತಿತ್ತು. ಅದರ ಮುಂದೆ ನನ್ನ ಸಹೋದ್ಯೋಗಿಯನ್ನು ನಿಲ್ಲಿಸಿ ನಾನು ಚಿತ್ರ ತೆಗೆಯುತ್ತಿದ್ದೆ. ಕಲ್ಲಿನ ರಾಶಿಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ನಮ್ಮ ಮಾತು ಕೇಳಿ ಕನ್ನಡದಲ್ಲೇ ಅಂದಳು: “ಏನ್ ನೋಡ್ಲಿಕ್ ಬಂದೀರಿ ಯಪ್ಪಾ? ಇಲ್ಲೇನ್ ಜಾತ್ರಿ ನಡದದೇನು? ಬಂದವ್ರು ನಾಕ್ ಕಲ್ಲರ ಎತ್ರಿ.”

ನಾವು ಎತ್ತಲಿಲ್ಲ. ತಲೆ ತಗ್ಗಿಸಿ ಜೀಪು ಹತ್ತಿದೆವು. ಆ ಚಿತ್ರವನ್ನು ನಾನು ಯಾರಿಗೂ ತೋರಿಸಲಿಲ್ಲ, ಹರಿದೂ ಹಾಕಲಿಲ್ಲ. ಅದು ಇಂದಿಗೂ ನನ್ನ ಟ್ರಂಕಿನ ತಳದಲ್ಲಿದೆ. “ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವುದು” ಎಂಬ ಗಾದೆಗೆ ಪಾಠದಲ್ಲಿ ಅರ್ಥ ಬರೆಸಿದ ಮಾಸ್ತರನೇ ಗಳ ಹಿರಿದುಕೊಂಡು ಬಂದಿದ್ದ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನೋಡಬೇಕಾದ್ದನ್ನು ನಾನು ನೋಡಲೇ ಇಲ್ಲ. ಅಲ್ಲಿ ಅಷ್ಟು ಜನರನ್ನು ಕೊಂದದ್ದು ದಪ್ಪ ಕಲ್ಲುಮಣ್ಣಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಆಳಂದದ ನಮ್ಮ ಮನೆಯೂ ಅಂಥದೇ ಇತ್ತು! ದಖ್ಖನ್ ಪ್ರಸ್ಥಭೂಮಿ ಸ್ಥಿರವಾದ ನೆಲವೆಂದು ನಾನು ಭೂಗೋಳದ ತರಗತಿಯಲ್ಲಿ ಹೇಳುತ್ತ ಬಂದಿದ್ದೆ. ಅಂದಿನ ಭೂಕಂಪ ನಕ್ಷೆಯಲ್ಲಿಯೂ ಆ ಪ್ರದೇಶ ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಟ್ಟರು. ಕಿಲ್ಲಾರಿಯಿಂದ ಮರಳಿದ ಮರುದಿನ ನಾನು ಮಕ್ಕಳಿಗೆ ಗೋಡೆಯ ವಿಷಯ ಹೇಳಬೇಕಾಗಿತ್ತು. ನಾನು ಹೇಳಿದ್ದು ಚೌಕಟ್ಟಿನ ತೋರಣದ ವಿಷಯ.

“ಹಂಪಿಗೂ ಹೋಗುತ್ತೇವಲ್ಲ ಸರ್, ಅದೂ ಹಾಳೂರೇ ಅಲ್ಲವೆ?” ಎಂದು ನೀವು ಕೇಳಬಹುದು. ಹಂಪಿ ಹಾಳಾದದ್ದು 1565ರಲ್ಲಿ. ಅದಕ್ಕಾಗಿ ಅಳುವವರು ಇಂದು ಇಲ್ಲ. ಪ್ರಿಪ್ಯಾತದ ಶಾಲೆಯ ಮಕ್ಕಳು ಇಂದು ನಲವತ್ತು ಐವತ್ತರ ವಯಸ್ಸಿನವರು, ಹೆಚ್ಚುಕಡಿಮೆ ನನ್ನ ಈ ಶಿಷ್ಯನ ವಾರಿಗೆಯವರೇ. ಅವನು ಕಾಲಿಟ್ಟ ಪುಸ್ತಕದ ಒಡೆಯ ಎಲ್ಲಿಯೋ ಬದುಕಿರಬಹುದು. ಒಡೆಯನಿರುವ ಮನೆಗೆ ಹೋಗುವಾಗ ಹೊಸ್ತಿಲ ಹೊರಗೆ ನಿಂತು ಕೂಗಬೇಕೆಂದು ನಮ್ಮ ಹಿರಿಯರು ಕಲಿಸಿಲ್ಲವೆ?

“ಪ್ರವಾಸದಿಂದ ಅರಿವು ಮೂಡುತ್ತದೆ, ಅಲ್ಲಿಯವರಿಗೂ ನಾಲ್ಕು ಕಾಸು ಸಿಗುತ್ತದೆ” ಎಂಬುದು ಇನ್ನೊಂದು ವಾದ. ಇದರಲ್ಲಿ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಆದರೆ ಅರಿವು ಮೂಡಿದೆಯೆ ಎಂದು ಪರೀಕ್ಷಿಸುವುದು ಮಾಸ್ತರನ ಅಭ್ಯಾಸ. ಆ ದಿನ ನಾನು ಶಿಷ್ಯನನ್ನು ಕೇಳಿದೆ: “ಊರು ಖಾಲಿ ಮಾಡಿಸಲು ಅಷ್ಟು ತಡವೇಕಾಯಿತಪ್ಪ?” ಅವನಿಗೆ ತಿಳಿದಿರಲಿಲ್ಲ. ಅಲ್ಲಿಯ ರಾಟೆ ತೊಟ್ಟಿಲು ಎಷ್ಟು ಎತ್ತರವೆಂಬುದು ತಿಳಿದಿತ್ತು.

ಬೇರೆ ಬಗೆಯೂ ಸಾಧ್ಯ. ಜಪಾನಿನ ನಾಮಿಯೆ ಪಟ್ಟಣದ ಉಕೆದೊ ಪ್ರಾಥಮಿಕ ಶಾಲೆ ಫುಕುಶಿಮಾ ಸ್ಥಾವರದಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿದೆ. 2011ರ ಮಾರ್ಚ್ 11ರಂದು ಸುನಾಮಿ ನುಗ್ಗಿದಾಗ ಅಲ್ಲಿಯ ಶಿಕ್ಷಕರು ಶಾಲೆಯಲ್ಲಿದ್ದ ಮಕ್ಕಳನ್ನೆಲ್ಲ ಗುಡ್ಡದ ಕಡೆಗೆ ನಡೆಸಿ ಉಳಿಸಿದರು. ಮರುದಿನ ಸ್ಥಾವರದ ಅಪಘಾತದಿಂದಾಗಿ ಊರನ್ನೇ ತೆರವು ಮಾಡಬೇಕಾಯಿತು; ಕಡಲಿನ ಏಟಿಗೆ ಸಿಕ್ಕವರನ್ನು ಹುಡುಕುವ ಕೆಲಸವೂ ನಿಂತಿತು. ಆ ಶಾಲೆಯನ್ನು ಒಡೆದುಹೋದ ಸ್ಥಿತಿಯಲ್ಲೇ ಕಾಪಾಡಿ, 2021ರ ಅಕ್ಟೋಬರಿನಲ್ಲಿ ಸ್ಮಾರಕವಾಗಿ ತೆರೆದಿದ್ದಾರೆ. ಅಲ್ಲಿ ಹೋದವನು ಯಾರು ಏನು ಮಾಡಿದರು, ಯಾವ ಹೊತ್ತಿಗೆ ಮಾಡಿದರು ಎಂಬುದನ್ನು ಕಲಿತು ಬರುತ್ತಾನೆ. ಇಂಥ ಕಡೆ ಹೋಗುವ ಶಿಷ್ಯನನ್ನು ನಾನೇ ಬಸ್ ಹತ್ತಿಸಿ ಬರುತ್ತೇನೆ.

ನಮ್ಮ ಮನೆಯ ಮುಂದೇನು ನಡೆದಿದೆ, ನೋಡಿರಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು. ತೊಗರಿ, ಹತ್ತಿ ಕೊಚ್ಚಿಹೋದವು. ಸೇತುವೆಗಳ ಮೇಲೆ ಮೋಟರ್ ಸೈಕಲ್ ನಿಲ್ಲಿಸಿ, ನೀರಿಗೆ ಬೆನ್ನು ಮಾಡಿ ಚಿತ್ರ ತೆಗೆದುಕೊಳ್ಳುತ್ತಿದ್ದವರಲ್ಲಿ ನಾನು ಕಲಿಸಿದವರೂ ಇದ್ದರು. ಜೇವರ್ಗಿಗೆ ಹೊಂದಿದ ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇದೆ. ಅಲ್ಲಿ ಗಣಿ ತೆಗೆಯುವ ಯೋಜನೆ ಬಂದಾಗ ಊರವರು ತಮ್ಮ ನೀರು, ತಮ್ಮ ಹೊಲದ ಗತಿ ಏನೆಂದು ಕೇಳಿ ಪ್ರತಿಭಟಿಸಿದರು. ಜೇವರ್ಗಿಯಿಂದ ಒಂದೆರಡು ತಾಸಿನ ದಾರಿ. ಸಾವಿರಾರು ಮೈಲಿ ಹಾರಿ ಅಣುವಿನ ಹಾಳೂರು ನೋಡಿ ಬಂದ ನಮ್ಮಲ್ಲಿ ಎಷ್ಟು ಜನ ಆ ಊರಿಗೆ ಹೋಗಿ, ಒಬ್ಬ ರೈತನ ಕಟ್ಟೆಯ ಮೇಲೆ ಕುಳಿತು, ಅವನ ಮಾತು ಕೇಳಿದ್ದೇವೆ? ಅಲ್ಲಿ ಹಾಳಾದ ಕಟ್ಟಡವಿಲ್ಲ, ಕೂಗುವ ಯಂತ್ರವಿಲ್ಲ. ಊರು ಇನ್ನೂ ಬದುಕಿದೆ. ಅದಕ್ಕೇ ನೋಡುವಂಥದ್ದೇನೂ ಇಲ್ಲವೆಂದು ನಮಗೆ ತೋರುತ್ತದೆ!

ಆದ್ದರಿಂದ, ಪ್ರೀತಿಯ ಶಿಷ್ಯನೆ, ನಿನ್ನ ಆಮಂತ್ರಣವನ್ನು ನಾನು ತಿರಸ್ಕರಿಸುವುದಿಲ್ಲ, ಒಂದು ಷರತ್ತು ಹಾಕುತ್ತೇನೆ. ಮುಂದಿನ ಸೆಪ್ಟೆಂಬರ್ 30ಕ್ಕೆ ರಜೆ ಹಾಕಿ ಊರಿಗೆ ಬಾ. ಉಮರ್ಗಾ ಮಾರ್ಗವಾಗಿ ಹಳೆಯ ಕಿಲ್ಲಾರಿಗೆ ಹೋಗೋಣ. ಖರ್ಚು ನನ್ನದು, ಬುತ್ತಿಯೂ ನನ್ನದು. ಮೊಬೈಲು ಮನೆಯಲ್ಲಿರಲಿ. ಅಲ್ಲಿ ಯಾರಾದರೂ ಹಿರಿಯರು ಸಿಕ್ಕರೆ ನಾವು ಬಾಯಿ ಮುಚ್ಚಿ ಕೇಳೋಣ. ಆ ಮುದುಕಿ ಇಂದು ಇರಲಾರಳು. ನನ್ನ ಟ್ರಂಕಿನಲ್ಲಿರುವ ಚಿತ್ರವನ್ನು ಒಯ್ಯುತ್ತೇನೆ. ಆ ಬಾಗಿಲು ಯಾರ ಮನೆಯದೆಂದು ಹೇಳುವವರು ಸಿಕ್ಕರೆ ಅವರಿಗೆ ಒಪ್ಪಿಸಿ, ಕ್ಷಮೆ ಕೇಳಿ ಬರುತ್ತೇನೆ. ಆಮೇಲೆ ಪ್ರಿಪ್ಯಾತದ ಮಾತು.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮಾಸ್ತರ