ಮೂರಕ್ಷರಕ್ಕೆ ಅಡವಾಗುವ ಐದು ಸೆಂಟ್ಸ್

ಕಳೆದ ವರ್ಷ ಜುಲೈ ತಿಂಗಳ ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಪರಿಚಿತ ವ್ಯಾಪಾರಿಯೊಬ್ಬರು ನಮ್ಮನ್ನು ಮಸೀದಿಯ ಜಗಲಿಯಲ್ಲೇ ತಡೆದು ನಿಲ್ಲಿಸಿದರು. ತಾಲೂಕು ಕೇಂದ್ರದಲ್ಲಿ ಮೂವತ್ತು ವರ್ಷಗಳಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿರುವ ಹಾಜಿಯವರು. ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ನಮ್ಮ ಕೈಗಿತ್ತರು. ಅದು ಬೆಂಗಳೂರಿನ ಖಾಸಗಿ ಕಾಲೇಜೊಂದರ ಎಂಬಿಎ ಕೋರ್ಸಿನ ಶುಲ್ಕದ ಪಟ್ಟಿ. ಎರಡು ವರ್ಷಗಳ ಬೋಧನಾ ಶುಲ್ಕ, ಹಾಸ್ಟೆಲ್, ಲ್ಯಾಪ್‌ಟಾಪ್, ವ್ಯಕ್ತಿತ್ವ ವಿಕಸನ ತರಬೇತಿ, ಕೈಗಾರಿಕಾ ಭೇಟಿ ಎಲ್ಲವೂ ಸೇರಿ 8 ಲಕ್ಷ ರೂಪಾಯಿ. “ಉಸ್ತಾದ್, ಆ ಕಾಲೇಜಿನಲ್ಲಿ ನಿಮಗೆ ಯಾರದಾದರೂ ಗುರುತಿದ್ದರೆ ಒಂದು ಮಾತು ಹೇಳಿ ಸ್ವಲ್ಪ ಕಡಿಮೆ ಮಾಡಿಸಿಕೊಡಿ. ಮನೆಯ ಪಕ್ಕದ ಐದು ಸೆಂಟ್ಸ್ ಜಾಗ ಅಡವಿಟ್ಟರೆ ಬ್ಯಾಂಕಿನವರು ಸಾಲ ಕೊಡುತ್ತಾರಂತೆ” ಎಂದರು.

ಮಗ ಪ್ರವೇಶ ಪರೀಕ್ಷೆ ಬರೆದಿದ್ದಾನೆಯೇ ಎಂದು ವಿಚಾರಿಸಿದೆವು. ಬರೆದಿರಲಿಲ್ಲ. ಅದರ ಅಗತ್ಯವಿಲ್ಲ, ಸೀಟು ತಾನೇ ಕೊಡಿಸುತ್ತೇನೆ ಎಂದು ಏಜೆಂಟ್ ಹೇಳಿದ್ದನಂತೆ. ಎರಡನೇ ವರ್ಷದಲ್ಲಿ ಯಾವ ವಿಭಾಗವನ್ನು ಆರಿಸಿಕೊಳ್ಳುತ್ತಾನೆ? ಹಣಕಾಸೇ, ಮಾರುಕಟ್ಟೆಯೇ, ಮಾನವ ಸಂಪನ್ಮೂಲವೇ? ಅವರಿಗೆ ತಿಳಿಯದು. ಓದಿ ಏನು ಮಾಡುತ್ತಾನೆ? “ಎಂಬಿಎ ಅಲ್ಲವೇ ಉಸ್ತಾದ್, ಮ್ಯಾನೇಜರ್ ಆಗುತ್ತಾನೆ!” ಮಗನ ಅಭಿಪ್ರಾಯವನ್ನು ಕೇಳಿದ್ದೀರಾ ಎಂದಾಗ ಅವರು ನಕ್ಕುಬಿಟ್ಟರು.

ಇದು ಒಂದು ಮನೆಯ ಕಥೆಯಲ್ಲ. ಪದವಿಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಊರೂರಿನ ಬಸ್ ನಿಲ್ದಾಣದ ಬಳಿ ‘ಎಜುಕೇಶನ್ ಕನ್ಸಲ್ಟೆನ್ಸಿ’ಗಳ ಫಲಕಗಳು ಮಳೆಗಾಲದ ಅಣಬೆಗಳಂತೆ ಏಳುತ್ತವೆ. ಅಲ್ಲಿ ಮಾರಾಟವಾಗುವುದು ವಿದ್ಯೆಯಲ್ಲ, ಮೂರು ಅಕ್ಷರಗಳು. ಅವುಗಳ ಗಿರಾಕಿಗಳು ವಿದ್ಯಾರ್ಥಿಗಳೂ ಅಲ್ಲ, ಅವರ ಹೆತ್ತವರು. ನಿಕಾಹ್‌ನ ಆಮಂತ್ರಣ ಪತ್ರದಲ್ಲಿ ವರನ ಹೆಸರಿನ ಮುಂದೆ ಅಚ್ಚಾಗಲು ಏನಾದರೊಂದು ಬೇಕು. ವೈದ್ಯನಾಗಲಿಲ್ಲ, ಎಂಜಿನಿಯರ್ ಆಗಲಿಲ್ಲ, ಇನ್ನು ಉಳಿದಿರುವುದು ಇದೊಂದೇ ಎಂಬ ಲೆಕ್ಕಾಚಾರದಲ್ಲಿ ಒಂದು ಪ್ರಾಮಾಣಿಕ ಶಾಸ್ತ್ರವನ್ನು ನಾವು ಶೇರ್ವಾನಿಯಂತೆ ಖರೀದಿಸುತ್ತಿದ್ದೇವೆ.

ನಾವು ಎಂಬಿಎಯ ವಿರೋಧಿಗಳಲ್ಲ. ಅರಬಿ ಮದ್ರಸಾದಲ್ಲಿ ಕಲಿತು ಬಳಿಕ ಬಿ.ಎ. ಮಾಡಿದ ನಮ್ಮಂಥವರಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಸಾಲದ ಪತ್ರಕ್ಕೆ ಸಹಿ ಹಾಕುವ ತಂದೆಗೂ ಆ ಪದವಿಯಿಲ್ಲ, ಆದರೆ ಕಂತು ಕಟ್ಟುವವರು ಅವರೇ.

ಮೊದಲು ಈ ಅಕ್ಷರಗಳ ಮಹಿಮೆಯನ್ನೇ ನೋಡೋಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಇದಕ್ಕಾಗಿ ಪ್ರತ್ಯೇಕ ಶಾಲೆಯನ್ನು ತೆರೆದುದು 1908ರಲ್ಲಿ. ನಮ್ಮ ದೇಶದಲ್ಲಿ ಕಲ್ಕತ್ತಾ ಮತ್ತು ಅಹ್ಮದಾಬಾದ್‌ನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಗಳು, ಅಂದರೆ ಐಐಎಂಗಳು, 1961ರಲ್ಲಿ ಆರಂಭವಾದವು. ಬೆಂಗಳೂರಿನದು 1973ರಲ್ಲಿ ಬಂತು. ದೇಶದ ದೊಡ್ಡ ದೊಡ್ಡ ಕಂಪೆನಿಗಳು ಬಾಗಿಲಲ್ಲಿ ಕಾದು ನಿಂತು ಕರೆದೊಯ್ಯುವ ಈ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅರ್ಧ ಶತಮಾನಕ್ಕೂ ಮಿಕ್ಕಿ ಸಿಗುತ್ತಿದ್ದುದು ಎಂಬಿಎ ಪದವಿಯಲ್ಲ, ಬರಿಯ ಸ್ನಾತಕೋತ್ತರ ಡಿಪ್ಲೊಮಾ! ಪದವಿ ನೀಡುವ ಅಧಿಕಾರ ಅವುಗಳಿಗೆ ದೊರೆತುದು 2017ರ ಐಐಎಂ ಕಾಯ್ದೆಯಿಂದ. ಅಷ್ಟು ಕಾಲ ಆ ಅಕ್ಷರಗಳಿಲ್ಲವೆಂದು ಅವರನ್ನು ಯಾರೂ ಕೆಲಸದಿಂದ ಹಿಂದೆ ಕಳುಹಿಸಲಿಲ್ಲ. ಬೆಲೆಯಿದ್ದುದು ಪರೀಕ್ಷೆಯ ಜರಡಿಗೆ ಮತ್ತು ಒಳಗಿನ ದುಡಿಮೆಗೆ.

ಆ ಜರಡಿಯ ಬಳಿ ನಾವೆಷ್ಟು ಮಂದಿ ಸುಳಿದಿದ್ದೇವೆ? 2006ರ ನವೆಂಬರ್‌ನಲ್ಲಿ ಬಂದ ಸಾಚಾರ್ ಸಮಿತಿ ವರದಿಯ ಲೆಕ್ಕದಂತೆ ಅಂದು ಐಐಎಂಗಳಲ್ಲಿದ್ದ 4,743 ವಿದ್ಯಾರ್ಥಿಗಳ ಪೈಕಿ ಮುಸ್ಲಿಮರು 63 ಮಂದಿ. ಈ ಅಂಕಿಯನ್ನು ವೇದಿಕೆಗಳಲ್ಲಿ ಅದೆಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸರಕಾರವನ್ನು ದೂರಲು ಅದನ್ನು ಬಳಸಿದೆವು. ಮನೆಯ ಮಕ್ಕಳಿಗೆ ಒಂದು ಅರ್ಜಿ ತುಂಬಿಸಲು ಬಳಸಲಿಲ್ಲ.

ಐಐಎಂ ದೂರದ ಮಾತಾಯಿತು ಎನ್ನಬಹುದು. ನಮ್ಮ ರಾಜ್ಯದ ಪಿಜಿಸಿಇಟಿ ಹತ್ತಿರದ್ದೇ ಅಲ್ಲವೇ? ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಯಲ್ಲಿ ಇಂಗ್ಲಿಷ್, ತರ್ಕ, ಅಂಕಗಣಿತ, ಸಾಮಾನ್ಯ ಜ್ಞಾನ ಇಂಥವೇ ಇರುತ್ತವೆ. ನಾಲ್ಕು ತಿಂಗಳು ಕುಳಿತು ಓದಿದ ಸಾಧಾರಣ ಹುಡುಗನೂ ಬರೆಯಬಹುದು. ಇದರ ಮೂಲಕ ಖಾಸಗಿ ಕಾಲೇಜುಗಳಲ್ಲೂ ಸರಕಾರಿ ಕೋಟಾದ ಸೀಟುಗಳು ಹಂಚಿಕೆಯಾಗುತ್ತವೆ. ಆ ಸೀಟುಗಳಲ್ಲಿ 2ಬಿ ಪ್ರವರ್ಗದ ಶೇ. 4 ಮೀಸಲಾತಿಯೂ ಇದೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರವು ಈ ಮೀಸಲಾತಿಯನ್ನು ಕಿತ್ತುಹಾಕುವ ಆದೇಶ ಹೊರಡಿಸಿದಾಗ ನಾವು ಸಭೆ ನಡೆಸಿದೆವು, ಮನವಿ ಕೊಟ್ಟೆವು. ವಿಷಯ ಸುಪ್ರೀಮ್ ಕೋರ್ಟಿಗೆ ಹೋಗಿ ಆದೇಶ ಜಾರಿಯಾಗದೆ ನಿಂತಿತು. ಹೋರಾಡಿದ್ದು ನ್ಯಾಯವೇ. ಆದರೆ ಪ್ರವೇಶ ಪರೀಕ್ಷೆ ಬರೆಯಿಸದೆ ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ನೇರವಾಗಿ ಹಣ ತೆರುವ ತಂದೆ ಮಾಡುತ್ತಿರುವುದೇನು? ಯಾವ ಹಕ್ಕಿಗಾಗಿ ಬೀದಿಯಲ್ಲಿ ಘೋಷಣೆ ಕೂಗಿದರೋ ಅದನ್ನು ಕೌಂಟರಿನಲ್ಲಿ ತಾವಾಗಿಯೇ ಬಿಟ್ಟುಕೊಡುತ್ತಿದ್ದಾರೆ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತರಲು ಎರಡು ದಿನ ಅಂಗಡಿ ಬಿಡಬೇಕಾಗುತ್ತದೆ ಎಂಬುದು ಹಲವರ ನೆಪ. ಎರಡು ದಿನದ ವ್ಯಾಪಾರ ಉಳಿಸಲು ಏಳು ವರ್ಷದ ಸಾಲ!

ಸಾಲದ ಲೆಕ್ಕವನ್ನು ಬ್ಯಾಂಕಿನವರು ಬಿಡಿಸಿ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು. ಹಾಜಿಯವರ ಐದು ಸೆಂಟ್ಸಿನ ಪ್ರಸ್ತಾಪ ಬಂದುದು ಅದಕ್ಕೇ. ಓದುವ ಎರಡು ವರ್ಷ, ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದು ಕೇಳಿದೊಡನೆ ನಮಗೆ ಸಮಾಧಾನವಾಗುತ್ತದೆ. ಕಂತು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ವರ್ಷಕ್ಕೆ 4 ಲಕ್ಷದಂತೆ 8 ಲಕ್ಷ ಪಡೆದು, ಬಡ್ಡಿ ಶೇ. 11 ಎಂದಿಟ್ಟುಕೊಳ್ಳಿ. ಮೊದಲ ವರ್ಷ 44 ಸಾವಿರ, ಮುಂದಿನೆರಡು ವರ್ಷ 88 ಸಾವಿರದಂತೆ ಮೊದಲ ಕಂತು ಕಟ್ಟುವ ಮುನ್ನವೇ 2 ಲಕ್ಷ 20 ಸಾವಿರ ಸೇರಿ ಸಾಲವು 10 ಲಕ್ಷ 20 ಸಾವಿರವಾಗಿರುತ್ತದೆ. ಅದನ್ನು ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ಹದಿನೇಳೂವರೆ ಸಾವಿರ. ಒಟ್ಟು ತೆರುವುದು ಹದಿನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಸಣ್ಣ ಕಾಲೇಜಿನಿಂದ ಹೊರಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಇಪ್ಪತ್ತು ಸಾವಿರದ ಕೆಲಸ ಸಿಕ್ಕಿತೆಂದರೆ ಬಾಡಿಗೆಗೂ ಊಟಕ್ಕೂ ಉಳಿಯುವುದು ಎರಡೂವರೆ ಸಾವಿರ. ಬಡ್ಡಿ ಹರಾಮ್ ಎಂಬ ಖುತ್ಬಾ ಕೇಳಿ ತಲೆದೂಗಿದವರೇ ಮರುದಿನ ಈ ಪತ್ರಕ್ಕೆ ಸಹಿ ಹಾಕುತ್ತಾರೆ. ಇನ್ನೂ ವಿಚಿತ್ರವೆಂದರೆ ಆ ಹುಡುಗರಲ್ಲಿ ಅನೇಕರಿಗೆ ದೊರೆಯುವ ಮೊದಲ ಕೆಲಸ ಖಾಸಗಿ ಬ್ಯಾಂಕಿನ ಪರವಾಗಿ ಮನೆಮನೆಗೆ ಹೋಗಿ ವೈಯಕ್ತಿಕ ಸಾಲ ಮಾರುವುದು.

ಹಣ ಕೊಟ್ಟ ಮೇಲಾದರೂ ಪದವಿ ಗಟ್ಟಿಯೇ? ದಿನಪತ್ರಿಕೆಗಳ ಪೂರ್ಣಪುಟ ಜಾಹೀರಾತುಗಳಲ್ಲಿ ದಶಕ ಕಾಲ ಮೆರೆದ ಐಐಪಿಎಂ ಎಂಬ ಸಂಸ್ಥೆಯನ್ನು ಓದುಗರು ಮರೆತಿರಲಾರರು. ತನ್ನ ಕೋರ್ಸುಗಳಿಗೆ ಎಂಬಿಎ, ಬಿಬಿಎ ಎಂಬ ಪದಗಳನ್ನು ಬಳಸಬಾರದೆಂದು 2014ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ತಡೆಯಿತು. ಅದು ಖಾಸಗಿಯವರ ಮಾತು. ನಮ್ಮದೇ ಸರಕಾರಿ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ಬಳಿಕ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ, ಕೆಲಸ ಮಾಡುತ್ತಲೇ ಅಂಚೆಯಲ್ಲಿ ಓದಿದ ಎಷ್ಟೋ ಬಡವರ ಪ್ರಮಾಣಪತ್ರಗಳು ಅತಂತ್ರವಾದವು. 2018ರಲ್ಲಿ ಮಾನ್ಯತೆ ಮರಳಿತು, ಕಳೆದ ವರ್ಷಗಳು ಮರಳಲಿಲ್ಲ. ಆದುದರಿಂದ ಕಟ್ಟಡದ ಗಾಜನ್ನೂ ಕರಪತ್ರದಲ್ಲಿನ ಕೋಟುಧಾರಿಗಳನ್ನೂ ನೋಡಿ ಮರುಳಾಗುವ ಬದಲು, ಪದವಿ ನೀಡುವ ವಿಶ್ವವಿದ್ಯಾನಿಲಯ ಯಾವುದು, ಅದಕ್ಕೆ ಈ ವರ್ಷ ಮಾನ್ಯತೆಯಿದೆಯೇ ಎಂದು ಮೊದಲು ವಿಚಾರಿಸಬೇಕು. ಕಳೆದ ವರ್ಷ ಉತ್ತೀರ್ಣರಾದ ಹತ್ತು ಮಂದಿಯ ಫೋನ್ ನಂಬರು ಕೇಳಿ. ಕೊಡಲು ಹಿಂಜರಿದರೆ ಎದ್ದುಬನ್ನಿ.

ಇನ್ನು ಓದಿನ ಒಳಗಣ ಸಂಗತಿ. ಮೊದಲ ವರ್ಷ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಸಂಘಟನಾ ವರ್ತನೆ, ಮಾರುಕಟ್ಟೆ. ಎರಡನೇ ವರ್ಷ ಆರಿಸಿದ ವಿಭಾಗ. ಇವು ಬರಿಗಣ್ಣಿಗೆ ಕಾಣದ ಸಂಗತಿಗಳನ್ನು ಕಾಣಿಸುವ ವಿದ್ಯೆಗಳು, ನಿಜ. ಆದರೆ ಒಂದು ಬಿಲ್ಲನ್ನೂ ಬರೆಯದ, ಒಬ್ಬ ಕೂಲಿಯವನಿಗೂ ಸಂಬಳ ಬಟವಾಡೆ ಮಾಡದ ಇಪ್ಪತ್ತೊಂದರ ಹುಡುಗನಿಗೆ ಅವು ಯಾವ ನೆನಪನ್ನು ಹಿಡಿದು ನಿಲ್ಲಬೇಕು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಹೆನ್ರಿ ಮಿಂಟ್ಸ್‌ಬರ್ಗ್ ಎಂಬ ಪ್ರಾಧ್ಯಾಪಕರು 2004ರಲ್ಲಿ ಇದೇ ಆಕ್ಷೇಪವನ್ನಿಟ್ಟು ಒಂದು ಇಡೀ ಪುಸ್ತಕ ಬರೆದರು. ನಿರ್ವಹಣೆಯು ಅನುಭವದಿಂದ ಬರುವ ಕಸುಬು, ಅನುಭವವಿಲ್ಲದವರನ್ನು ತರಗತಿಯಲ್ಲಿ ಕೂರಿಸಿ ಮ್ಯಾನೇಜರನನ್ನು ತಯಾರಿಸಲಾಗದು ಎಂಬುದು ಅವರ ವಾದ. ಪಾಶ್ಚಾತ್ಯ ದೇಶಗಳ ಹೆಸರಾಂತ ಶಾಲೆಗಳಿಗೆ ಸೇರುವವರಲ್ಲಿ ಬಹುಪಾಲು ಮಂದಿ ಕೆಲವು ವರ್ಷ ದುಡಿದವರು. 2001ರಲ್ಲಿ ಆರಂಭವಾದ ಹೈದರಾಬಾದಿನ ಐಎಸ್‌ಬಿ ಕೂಡ ತನ್ನ ಮುಖ್ಯ ಕೋರ್ಸನ್ನು ಕೆಲಸದ ಅನುಭವವಿರುವವರಿಗಾಗಿಯೇ ರೂಪಿಸಿತು. ನಮ್ಮ ಸಣ್ಣ ಕಾಲೇಜುಗಳಲ್ಲೋ? ಕಂಪೆನಿಯಲ್ಲಿ ಕುಳಿತು ಬರೆಯಬೇಕಾದ ಪ್ರಾಜೆಕ್ಟ್ ವರದಿಯನ್ನು ಕಾಲೇಜಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ ಹೆಸರು ಬದಲಿಸಿ, ಚಿನ್ನದ ಅಕ್ಷರದ ರಟ್ಟು ಹಾಕಿಸಿ ಸಲ್ಲಿಸಿದವರನ್ನು ನಾವು ಬಲ್ಲೆವು. ಅವರಲ್ಲೊಬ್ಬ ನಮ್ಮ ಸಮೀಪದ ಸಂಬಂಧಿ ಎನ್ನಲು ನಾಚಿಕೆಯಾಗುತ್ತದೆ.

ಅಝೀಮ್ ಪ್ರೇಮ್‌ಜಿಯವರಿಗೆ ಎಂಬಿಎ ಇತ್ತೇ ಎಂದು ಕೇಳುವ ಜಾಣರೂ ನಮ್ಮಲ್ಲಿದ್ದಾರೆ. 1966ರಲ್ಲಿ ತಂದೆಯ ಮರಣದಿಂದಾಗಿ ಸ್ಟ್ಯಾನ್‌ಫರ್ಡ್‌ನ ಎಂಜಿನಿಯರಿಂಗ್ ಓದನ್ನು ನಿಲ್ಲಿಸಿ ಇಪ್ಪತ್ತೊಂದನೇ ವಯಸ್ಸಿಗೆ ವನಸ್ಪತಿ ಕಂಪೆನಿಯ ಹೊಣೆ ಹೊತ್ತವರು ಅವರು. ಓದು ವ್ಯರ್ಥವೆಂಬುದಕ್ಕೆ ಅದು ಪುರಾವೆಯಾಗದು. ಬಿಟ್ಟ ಆ ಪದವಿಯನ್ನು ಅವರು ದಶಕಗಳ ಬಳಿಕವೂ ಪೂರ್ಣಗೊಳಿಸಿದರು.

ವಿದ್ಯೆ ಅಂಗಡಿಗೆ ಬೇಡವೆನ್ನುವ ತಂದೆಯಂದಿರ ಮೇಲೂ ನಮ್ಮ ದೂರಿದೆ. 10 ಲಕ್ಷದ ಸರಕಿರುವ ಎರಡು ಅಂಗಡಿಗಳಿವೆಯೆನ್ನಿ. ಒಂದರಲ್ಲಿ ಸರಕು ವರ್ಷಕ್ಕೆ ಮೂರು ಬಾರಿ ಮಾರಾಟವಾಗಿ ಹೊಸದಾಗುತ್ತದೆ, ಇನ್ನೊಂದರಲ್ಲಿ ಆರು ಬಾರಿ. ಪ್ರತಿ ಸುತ್ತಿಗೆ ಶೇ. 10 ಲಾಭವಾದರೆ ಮೊದಲಿನವನಿಗೆ 3 ಲಕ್ಷ, ಎರಡನೆಯವನಿಗೆ 6 ಲಕ್ಷ, ಅದೇ ಬಂಡವಾಳದಲ್ಲಿ. ಎಂಬಿಎಯ ಮೊದಲ ಸೆಮಿಸ್ಟರಿನಲ್ಲೇ ಕಲಿಸುವ ಪಾಠವಿದು. ಹಿಂಬದಿಯ ಕಪಾಟಿನಲ್ಲಿ ಐದು ವರ್ಷದಿಂದ ತುಕ್ಕು ಹಿಡಿಯುತ್ತಿರುವ ಕೀಲು, ಬೋಲ್ಟುಗಳು ಸಂಪತ್ತಲ್ಲ, ಸಿಕ್ಕಿಬಿದ್ದ ಹಣ ಎಂದು ಓದಿಬಂದ ಮಗ ಹೇಳಿದರೆ ಅವನ ಬಾಯಿ ಮುಚ್ಚಿಸುತ್ತೇವೆ. ಉದ್ರಿ ಪುಸ್ತಕ ಮುಟ್ಟಬಾರದು, ಗಲ್ಲದಲ್ಲಿ ಕೂರಬಾರದು. ಹಾಗಾದರೆ ಕಲಿಯಲು ಕಳುಹಿಸಿದ್ದಾದರೂ ಏತಕ್ಕೆ? 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಯಾದಾಗ ಎಷ್ಟೋ ಹಳೆಯ ಅಂಗಡಿಗಳಲ್ಲಿ ರಿಟರ್ನ್ ಸಲ್ಲಿಸುವ ಬಗೆ ತಿಳಿಯದೆ ದಂಡ ತೆತ್ತರು, ಮಗ ವಾಣಿಜ್ಯ ಪದವೀಧರನಾಗಿ ಮನೆಯಲ್ಲೇ ಇದ್ದಾಗಲೂ!

ಅದೇ ಮನೆಯಲ್ಲಿ ಮಗಳೊಬ್ಬಳಿದ್ದಾಳೆ ಎಂಬುದನ್ನೂ ಹೇಳಲೇಬೇಕು. ಬಿ.ಕಾಂ.ನಲ್ಲಿ ಶೇ. 80ರ ಮೇಲೆ ಅಂಕ ತೆಗೆದವಳು. ಅಣ್ಣನ ಶೇ. 56ಕ್ಕೆ 8 ಲಕ್ಷ ಸಿದ್ಧವಾಗುವಾಗ ಅವಳ ಪಿಜಿಸಿಇಟಿ ಅರ್ಜಿಯ ಶುಲ್ಕಕ್ಕೆ ಹಣವಿಲ್ಲ, ವರ ನೋಡುವ ಕಾಲವಾಯಿತಂತೆ. ಹತ್ತಿರದ ಪಟ್ಟಣದಲ್ಲೇ ಸರಕಾರಿ ಸೀಟು ಪಡೆದು, ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಓದಿ ಬರಬಲ್ಲವಳನ್ನು ನಿಲ್ಲಿಸಿ, ಒಲ್ಲದವನನ್ನು ಸಾಲ ಮಾಡಿ ಕಳುಹಿಸುವ ಈ ಲೆಕ್ಕ ಯಾವ ವ್ಯಾಪಾರಿಯ ಲೆಕ್ಕ?

ಹಾಜಿಯವರಿಗೆ ನಾವು ಅಂದು ಇಷ್ಟನ್ನೇ ಹೇಳಿದೆವು: ಒಂದೆರಡು ವರ್ಷ ಹುಡುಗನನ್ನು ಬೇರೆಯವರ ಬಳಿ ಸಂಬಳಕ್ಕೆ ದುಡಿಯಲು ಬಿಡಿ, ಜೊತೆಗೇ ಪರೀಕ್ಷೆಗೆ ಓದಲಿ, ಸರಕಾರಿ ಸೀಟು ಸಿಕ್ಕರೆ ಕಳುಹಿಸಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯ ಕುರಿತು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಜಾಗದ ಪತ್ರ ಕಪಾಟಿನಲ್ಲೇ ಇರಲಿ. ಅವರು ಒಪ್ಪಿದರು. ಅಷ್ಟರಲ್ಲೇ ಏಜೆಂಟನಿಗೆ ಸೀಟು ಕಾದಿರಿಸಲೆಂದು 25 ಸಾವಿರ ಮುಂಗಡ ಕೊಟ್ಟಾಗಿತ್ತು. ತರಗತಿ ಆರಂಭವಾಗುವ ಮುನ್ನ ಸೀಟು ಬಿಟ್ಟರೆ ಸಾವಿರ ರೂಪಾಯಿ ಮಾತ್ರ ಮುರಿದುಕೊಂಡು ಉಳಿದ ಶುಲ್ಕವನ್ನು ಕಾಲೇಜು ಹಿಂದಿರುಗಿಸಬೇಕೆಂಬ ನಿಯಮ ಎಐಸಿಟಿಇಯದ್ದಿದೆ. ಅದನ್ನು ತೋರಿಸಿ ಕೇಳೋಣವೆಂದು ರಶೀದಿ ತರಿಸಿ ನೋಡಿದೆವು. ಅದರಲ್ಲಿ ಕಾಲೇಜಿನ ಹೆಸರೇ ಇರಲಿಲ್ಲ. ಕನ್ಸಲ್ಟೆನ್ಸಿಯ ಮೊಹರು, ‘ಸೇವಾ ಶುಲ್ಕ’ ಎಂಬ ಎರಡು ಪದ, ಕೆಳಗೆ ಓದಲಾಗದ ಒಂದು ಸಹಿ. ಮಗ ಈಗ ಮಂಗಳೂರಿನ ಬಣ್ಣದ ವಿತರಕರೊಬ್ಬರ ಗೋದಾಮಿನಲ್ಲಿ ಸರಕಿನ ಲೆಕ್ಕ ಬರೆಯುತ್ತಿದ್ದಾನೆ. ಆ 25 ಸಾವಿರ ಈವರೆಗೂ ಬಂದಿಲ್ಲ.