ಬೇಸಗೆ ವಿಹಾರದ ಲೆಕ್ಕದಲ್ಲಿ ಬಿಟ್ಟುಹೋದ ಬಾಬ್ತು

ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಕಡಲತೀರದಲ್ಲಿರುವ ಚಾರ್ಲ್ಸ್‌ಟನ್ ನಗರಕ್ಕೆ ಬೇಸಗೆ ವಿಹಾರ ಹೊರಡುವ ದಂಪತಿಗಳಿಗಾಗಿ ಸಿದ್ಧವಾಗುವ ಯೋಜನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲ ದಿನ ಕುದುರೆಗಾಡಿಯಲ್ಲಿ ಹಳೆಯ ಬೀದಿಗಳ ಸುತ್ತಾಟ, ಸಂಜೆ ಬ್ಯಾಟರಿ ಎಂಬ ಕಡಲಗೋಡೆಯ ಮೇಲೆ ನಡಿಗೆ. ಎರಡನೆಯ ದಿನ ಓಕ್ ಮರಗಳ ಸಾಲು ಹಾದು ಹಳೆಯ ಪ್ಲಾಂಟೇಶನ್ ಒಂದರ ಉದ್ಯಾನವೀಕ್ಷಣೆ. ಮೂರನೆಯ ದಿನ ಸಮುದ್ರಸ್ನಾನ. ಅಟ್ಲಾಂಟಾ, ಷಾರ್ಲಟ್ ನಗರಗಳಲ್ಲಿ ಉದ್ಯೋಗದಲ್ಲಿರುವ ಕನ್ನಡಿಗ ದಂಪತಿಗಳಿಗೂ ಇದು ಅರ್ಧ ದಿನದ ಕಾರು ಪ್ರಯಾಣದಲ್ಲಿ ತಲಪಬಹುದಾದ ಊರು. ಕೊಠಡಿಯ ಬಾಡಿಗೆ, ಊಟದ ಖರ್ಚು, ಗಾಡಿಯ ಶುಲ್ಕ ಎಲ್ಲವನ್ನೂ ಈ ಯೋಜನೆಗಳು ಅಚ್ಚುಕಟ್ಟಾಗಿ ಲೆಕ್ಕಹಾಕಿ ಕೊಡುತ್ತವೆ. ಆದರೆ ಆ ಸೊಬಗಿನ ಬೆಲೆಯನ್ನು ತೆತ್ತವರು ಯಾರು, ಇಂದಿಗೂ ತೆರುತ್ತಿರುವವರು ಯಾರು ಎಂಬ ಬಾಬ್ತು ಮಾತ್ರ ಆ ಲೆಕ್ಕದಲ್ಲಿ ಕಾಣಸಿಗುವುದೇ ಅಪರೂಪ.

ಬೇಸಗೆ ವಿಹಾರವೆಂಬುದು ಚಾರ್ಲ್ಸ್‌ಟನ್ನಿಗೆ ಹೊಸದಲ್ಲ. 1670ರಲ್ಲಿ ಸ್ಥಾಪನೆಯಾದ ಈ ಇಂಗ್ಲಿಷ್ ವಸಾಹತು ಮುಂದಿನ ಶತಮಾನದಲ್ಲಿ ಶ್ರೀಮಂತವಾದದ್ದು ಭತ್ತದಿಂದ. ಸುತ್ತಲಿನ ನದಿಗಳ ದಡದಲ್ಲಿದ್ದ ಸೈಪ್ರೆಸ್ ಮರಗಳ ಜೌಗುಕಾಡನ್ನು ಕಡಿದು, ಮಣ್ಣಿನ ಏರಿಗಳನ್ನು ಕಟ್ಟಿ, ಕಡಲ ಉಬ್ಬರವು ಹಿಂದಕ್ಕೆ ತಳ್ಳುವ ನದಿಯ ಸಿಹಿನೀರನ್ನು ಮರದ ತೂಬುಗಳ ಮೂಲಕ ಗದ್ದೆಗೆ ಹಾಯಿಸುವ ಕೃಷಿ ಅದು. ಇಷ್ಟೂ ಕೆಲಸವನ್ನು ಮಾಡಿದವರು ಗುಲಾಮಗಿರಿಗೆ ಒಳಪಟ್ಟ ಆಫ್ರಿಕದ ಜನ. ಪಶ್ಚಿಮ ಆಫ್ರಿಕದ ಭತ್ತದ ನಾಡುಗಳಿಂದ ಬಂದವರು ತಮ್ಮೊಂದಿಗೆ ಬೇಸಾಯದ ಅರಿವನ್ನೂ ತಂದಿದ್ದರು. ಒರಳು ಒನಕೆಗಳಲ್ಲಿ ಭತ್ತ ಕುಟ್ಟಿ, ಹುಲ್ಲಿನಿಂದ ಹೆಣೆದ ಮೊರದಲ್ಲಿ ಕೇರಿದವರೂ ಅವರೇ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವ ರೈತರಿಗೆ, ಉಬ್ಬರ ಇಳಿತಗಳ ನಡುವೆ ಏರಿ ಕಾಯುವುದು ಎಂತಹ ದುಡಿಮೆಯೆಂದು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಉಪ್ಪುನೀರನ್ನು ತಾಳುವ ತಳಿ, ಇಲ್ಲಿ ಸಿಹಿನೀರಿನ ಬೆಳೆ ಎಂಬ ಭೇದವಿದ್ದರೂ ಕೆಸರಿನ ಭಾರ ಒಂದೇ. ಗಜನಿಯ ರೈತನಿಗೆ ಬೆಳೆಯಲ್ಲಿ ಪಾಲಿದೆ. ಕ್ಯಾರೊಲಿನಾದ ಗದ್ದೆಯಲ್ಲಿ ದುಡಿದವನಿಗೆ ತನ್ನ ದೇಹದ ಮೇಲೂ ಹಕ್ಕಿರಲಿಲ್ಲ.

ಬೇಸಗೆ ಬಂದೊಡನೆ ಈ ಜೌಗಿನಲ್ಲಿ ಮಲೇರಿಯಾ ಹಬ್ಬುತ್ತಿತ್ತು. ಆಗ ಭೂಮಾಲೀಕರು ಮೇ ತಿಂಗಳ ಹೊತ್ತಿಗೆ ಸಂಸಾರಸಮೇತ ತೋಟ ಬಿಟ್ಟು ಹೊರಡುತ್ತಿದ್ದರು. ಕಡಲಗಾಳಿ ಬೀಸುವ ಚಾರ್ಲ್ಸ್‌ಟನ್ನಿನ ಮನೆಗಳಿಗೋ, ಸಮೀಪದ ದ್ವೀಪಗಳಿಗೋ, ಇನ್ನೂ ಅನುಕೂಲಸ್ಥರಾದರೆ ದೂರದ ಉತ್ತರದ ನ್ಯೂಪೋರ್ಟಿಗೋ ತೆರಳಿ, ಮೊದಲ ಹಿಮ ಬಿದ್ದ ಮೇಲೆಯೇ ಹಿಂದಿರುಗುತ್ತಿದ್ದರು. ಗದ್ದೆಯಲ್ಲಿ ನಿಂತವರಿಗೆ ಆ ಅವಕಾಶವಿರಲಿಲ್ಲ. ಆಫ್ರಿಕದವರಿಗೆ ಈ ಜ್ವರ ತಗಲದೆಂಬ ಸಮಜಾಯಿಷಿಯನ್ನು ಮಾಲೀಕರು ಇಟ್ಟುಕೊಂಡಿದ್ದರು. ಗದ್ದೆ ಬದಿಯ ಗುಡಿಸಲುಗಳಲ್ಲಿ ಸಾಯುತ್ತಿದ್ದ ಮಕ್ಕಳು ಅದನ್ನು ಸುಳ್ಳಾಗಿಸುತ್ತಿದ್ದರು. ಇಂದು ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆಯುವ, ತಂಗಾಳಿಗೆ ತೆರೆದ ಉದ್ದನೆಯ ಜಗಲಿಗಳು ಆ ಬೇಸಗೆಗಾಗಿಯೇ ಕಟ್ಟಿದವು. ಒಬ್ಬರ ತಂಪಿಗಾಗಿ ಇನ್ನೊಬ್ಬರು ಕೆಸರಿನಲ್ಲಿ ಉಳಿಯುವುದೇ ಈ ಊರಿನ ಬೇಸಗೆ ವಿಹಾರದ ಮೂಲ ವ್ಯವಸ್ಥೆ. ಪ್ರಶ್ನೆಯಿರುವುದು, ಆ ವ್ಯವಸ್ಥೆ ಮುಗಿದಿದೆಯೇ ಎಂಬುದು.

ಉತ್ತರ ಅಮೆರಿಕಕ್ಕೆ ತರಲ್ಪಟ್ಟ ಆಫ್ರಿಕನ್ನರಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಮಂದಿ ಈ ಬಂದರಿನ ಮೂಲಕ ಬಂದರೆಂಬುದು ಸಾಮಾನ್ಯವಾಗಿ ಹೇಳಲಾಗುವ ಅಂದಾಜು. ಅವರಲ್ಲಿ ಬಹುಮಂದಿ ಇಳಿದ ಗ್ಯಾಡ್ಸ್‌ಡನ್ ಕಟ್ಟೆಯ ಮೇಲೆ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ ತೆರೆದದ್ದು 2023ರಲ್ಲಿ. ನಗರಸಭೆ ಗುಲಾಮಗಿರಿಯಲ್ಲಿ ತನ್ನ ಪಾತ್ರಕ್ಕಾಗಿ ಕ್ಷಮೆ ಕೇಳಿದ್ದು 2018ರಲ್ಲಿ. ಆದರೆ ಹಳೆಯ ಮನೆಗಳನ್ನು ರಕ್ಷಿಸುವ ಕಾನೂನನ್ನು ಇದೇ ನಗರ 1931ರಲ್ಲಿಯೇ ತಂದಿತ್ತು. ಪರಂಪರೆಯ ವಲಯವನ್ನು ಗುರುತಿಸಿ ರಕ್ಷಿಸಿದ ಮೊದಲ ಅಮೆರಿಕನ್ ನಗರವೆಂಬ ಹೆಮ್ಮೆ ಅದಕ್ಕಿದೆ. ಕಿಟಕಿ ಬಾಗಿಲುಗಳ ನೆನಪಿಗೂ ಮನುಷ್ಯರ ನೆನಪಿಗೂ ನಡುವೆ ಸುಮಾರು ತೊಂಬತ್ತು ವರ್ಷಗಳ ಅಂತರ!

ಈ ಸಂರಕ್ಷಣೆಯಿಂದ ಒಳಿತಾಗಿಲ್ಲವೆಂದಲ್ಲ. ಕಾನೂನು ಇರದಿದ್ದರೆ ಆ ಬೀದಿಗಳೆಲ್ಲ ಪೆಟ್ರೋಲ್ ಬಂಕುಗಳಿಗೂ ವಾಹನ ನಿಲ್ದಾಣಗಳಿಗೂ ಬಲಿಯಾಗುತ್ತಿದ್ದವು. ಆದರೆ ಗೋಡೆ ಉಳಿಸುವ ಕಾರ್ಯ ಅದರೊಳಗಿನ ಜನರನ್ನು ಉಳಿಸಲಿಲ್ಲ. 1959ರಿಂದ ಆನ್ಸನ್‌ಬರೋ ಬಡಾವಣೆಯ ಹಳೆಯ ಮನೆಗಳನ್ನು ಕೊಂಡು ದುರಸ್ತಿ ಮಾಡಿ ಮಾರಿದಾಗ ಅಲ್ಲಿದ್ದ ಬಡ ಬಾಡಿಗೆದಾರರು, ಅದರಲ್ಲೂ ಕಪ್ಪು ಕುಟುಂಬಗಳು, ಹೊರಬೀಳಬೇಕಾಯಿತು. 1960ರ ದಶಕದಲ್ಲಿ ಸಭಾಭವನವೊಂದಕ್ಕಾಗಿ ಅಲ್ಲಿಯ ಮನೆಗಳ ಸಾಲುಗಳನ್ನೇ ಕೆಡವಲಾಯಿತು. ಅದೇ ದಶಕದಲ್ಲಿ ಕಪ್ಪು ಜನರ ಬಡಾವಣೆಗಳನ್ನು ಸೀಳಿಕೊಂಡು ಹೆದ್ದಾರಿಯೊಂದು ಹಾದುಹೋಯಿತು. ಇಂದು ಆ ಪರ್ಯಾಯದ್ವೀಪದಲ್ಲಿ ಹಾಸಿಗೆ ಬಟ್ಟೆ ಬದಲಿಸುವವರು, ಪಾತ್ರೆ ತೊಳೆಯುವವರು ಬಹುಮಟ್ಟಿಗೆ ಅಲ್ಲಿ ವಾಸಿಸುವ ಶಕ್ತಿಯುಳ್ಳವರಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಯನದಂತೆ 2016ರಲ್ಲಿ ಅಮೆರಿಕದ ದೊಡ್ಡ ನಗರಗಳ ಪೈಕಿ ಬಾಡಿಗೆದಾರರನ್ನು ಅತಿ ಹೆಚ್ಚು ಪ್ರಮಾಣದಲ್ಲಿ ಒಕ್ಕಲೆಬ್ಬಿಸಿದ ನಗರ ನೆರೆಯ ನಾರ್ತ್ ಚಾರ್ಲ್ಸ್‌ಟನ್. ಪ್ರಮಾಣ ನೂರು ಬಾಡಿಗೆ ಮನೆಗಳಿಗೆ 16.5.

ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ವಂಶಸ್ಥರಾದ ಗುಲ್ಲಾ ಗೀಚೀ ಜನ ಕಡಲ ದ್ವೀಪಗಳಲ್ಲಿ ತುಂಡುಭೂಮಿ ಕೊಂಡು ನೆಲೆಸಿದರು. ಬರೆದಿಟ್ಟ ಮರಣಶಾಸನವಿಲ್ಲದೆ ಆ ಭೂಮಿ ತಲೆಮಾರಿನಿಂದ ತಲೆಮಾರಿಗೆ ಅವಿಭಕ್ತವಾಗಿ ಉಳಿಯಿತು. ಮಲೆನಾಡಿನಲ್ಲಿ ಜಂಟಿ ಖಾತೆಯ ತೊಡಕನ್ನು ಅನುಭವಿಸಿದವರಿಗೆ ಇದರ ಅಪಾಯ ಕೂಡಲೇ ತಿಳಿಯುತ್ತದೆ. ದೂರದಲ್ಲಿರುವ ಒಬ್ಬ ವಾರಸುದಾರನ ಪಾಲನ್ನು ಕೊಂಡ ವ್ಯಾಪಾರಿ, ನ್ಯಾಯಾಲಯದ ಮೂಲಕ ಇಡೀ ಭೂಮಿಯನ್ನು ಹರಾಜಿಗೆ ತರಬಹುದಾಗಿತ್ತು. 1956ರಲ್ಲಿ ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆಯಾದ ಮೇಲೆ ವಿಹಾರಧಾಮಗಳು ಬಂದವು, ಗೇಟುಗಳು ಬಂದವು, ತೆರಿಗೆ ಏರಿತು, ಅಲ್ಲಿಯ ಮೂಲನಿವಾಸಿಗಳು ಅಲ್ಪಸಂಖ್ಯಾತರಾದರು. ಆ ಗೇಟುಗಳ ಮೇಲೆ ಹೆಮ್ಮೆಯಿಂದ ಬರೆದುಕೊಂಡ ಪದವೂ ‘ಪ್ಲಾಂಟೇಶನ್’ ಎಂಬುದೇ! ಇಂತಹ ಭೂಮಿಗೆ ರಕ್ಷಣೆ ನೀಡುವ ಕಾನೂನನ್ನು ದಕ್ಷಿಣ ಕ್ಯಾರೊಲಿನಾ 2016ರಲ್ಲಿ ಅಂಗೀಕರಿಸಿತು. ಅದಕ್ಕಿಟ್ಟ ಹೆಸರು ಕ್ಲೆಮೆಂಟಾ ಪಿಂಕ್ನಿಯವರದು: 2015ರ ಜೂನ್ 17ರಂದು ಚಾರ್ಲ್ಸ್‌ಟನ್ನಿನ ಇಮ್ಯಾನುಯೆಲ್ ಚರ್ಚಿನಲ್ಲಿ ಬಿಳಿಯ ಜನಾಂಗವಾದಿಯೊಬ್ಬನ ಗುಂಡಿಗೆ ಬಲಿಯಾದ ಒಂಬತ್ತು ಮಂದಿಯಲ್ಲಿ ಒಬ್ಬರಾದ ಪಾದ್ರಿ ಮತ್ತು ಶಾಸಕ.

ನಗರದ ಮಾರುಕಟ್ಟೆಯಲ್ಲಿ, ಹೆದ್ದಾರಿಯ ಬದಿಯಲ್ಲಿ ಗುಲ್ಲಾ ಹೆಂಗಸರು ಮಾರುವ ಹುಲ್ಲಿನ ಬುಟ್ಟಿಗಳ ಮೂಲ ಭತ್ತ ಕೇರುವ ಅದೇ ಮೊರ. ಬುಟ್ಟಿಗೆ ಬೇಕಾದ ಸ್ವೀಟ್‌ಗ್ರಾಸ್ ಹುಲ್ಲು ಬೆಳೆಯುವುದು ಕಡಲ ಮರಳುದಿಬ್ಬಗಳ ಹಿಂದೆ. ಆ ದಿಬ್ಬಗಳು ವಿಹಾರಧಾಮಗಳ ಬೇಲಿಯೊಳಗೆ ಸೇರಿದ ಮೇಲೆ ಹೆಣೆಯುವವರು ಹುಲ್ಲಿಗಾಗಿ ದೂರದೂರ ಅಲೆಯಬೇಕಾಗಿದೆ. ಪ್ರವಾಸಿಯು ಹುಲ್ಲಿರುವ ತೀರದಲ್ಲಿ ಕೊಠಡಿ ಹಿಡಿಯುತ್ತಾನೆ. ಅನಂತರ ಮಾರುಕಟ್ಟೆಗೆ ಬಂದು ಬುಟ್ಟಿಯ ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡುತ್ತಾನೆ. ಬೆಲೆ ಏರಿದ್ದಕ್ಕೆ ತನ್ನ ಕೊಠಡಿಯೂ ಒಂದು ಕಾರಣವೆಂಬುದು ಅವನಿಗೆ ಹೊಳೆಯುವುದಿಲ್ಲ.

ಇನ್ನು ನೀರಿನ ಮಾತು. ಚಾರ್ಲ್ಸ್‌ಟನ್ ಬಂದರಿನಲ್ಲಿ ಕಡಲಮಟ್ಟವನ್ನು 1921ರಿಂದ ಅಳೆಯಲಾಗುತ್ತಿದೆ. ಅಂದಿನಿಂದ ಅದು ಒಂದಡಿಗೂ ಹೆಚ್ಚು ಏರಿದೆ. ಭೂಮಿ ಬಿಸಿಯಾಗುತ್ತಿರುವುದು ಇದಕ್ಕೆ ಮುಖ್ಯ ಕಾರಣ, ನೆಲ ಕುಸಿಯುತ್ತಿರುವುದು ಜೊತೆಗಾರ. 2019ರಲ್ಲಿ ಉಬ್ಬರದ ನೀರು ನೆರೆಮಟ್ಟವನ್ನು ಮೀರಿದ್ದು 89 ಸಲ. ಮಳೆಯಿಲ್ಲದ ದಿನವೂ ಚರಂಡಿಗಳ ಮೂಲಕ ಕಡಲು ಮೇಲೇರಿ ಬೀದಿ ತುಂಬುತ್ತದೆ. ಹಳ್ಳ, ಜೌಗು ಮುಚ್ಚಿ ನಗರ ಬೆಳೆಸಿದ ನೆಲದಲ್ಲಿ ನೀರು ತನ್ನ ಹಳೆಯ ಜಾಗವನ್ನು ಕೇಳುತ್ತಿದೆ. ಪರ್ಯಾಯದ್ವೀಪದ ಸುತ್ತ ಎಂಟು ಮೈಲಿ ಉದ್ದದ ಗೋಡೆ ಕಟ್ಟುವ, ನೂರು ಕೋಟಿ ಡಾಲರಿಗೂ ಮೀರಿದ ಯೋಜನೆಯನ್ನು ಅಮೆರಿಕದ ಸೇನಾ ಎಂಜಿನಿಯರುಗಳು 2022ರಲ್ಲಿ ಅಂತಿಮಗೊಳಿಸಿದರು. ಕಪ್ಪು ಜನರ ಹಳೆಯ ಬಡಾವಣೆಯಾದ ರೋಸ್‌ಮಾಂಟ್ ಆ ಗೋಡೆಯ ಹೊರಗೆ ಉಳಿಯಿತು. ಹೆದ್ದಾರಿ ಹಾಯಿಸುವಾಗ ನೆನಪಾದ ಬಡಾವಣೆಗಳು ಗೋಡೆ ಕಟ್ಟುವಾಗ ಮರೆತುಹೋಗುವುದು ಕಾಕತಾಳೀಯವೇನೂ ಅಲ್ಲ. ರಕ್ಷಿಸಬೇಕಾದ ಆಸ್ತಿಯ ಮಾರುಕಟ್ಟೆ ಬೆಲೆಯೇ ಇಂತಹ ಲೆಕ್ಕಗಳ ಅಳತೆಗೋಲು. ಅಗ್ಗದ ಮನೆ ಅಗ್ಗದ ಜೀವವಾಗುತ್ತದೆ.

ಪ್ರವಾಸೋದ್ಯಮದಿಂದಲೇ ಸಾವಿರಾರು ಸಂಸಾರಗಳ ಅನ್ನ ನಡೆಯುತ್ತಿದೆಯಲ್ಲವೇ ಎಂಬ ವಾದವಿದೆ. ಅದು ಸುಳ್ಳಲ್ಲ. ಆದರೆ ಅನ್ನ ನೀಡುವ ಉದ್ಯಮಕ್ಕೆ ನಿಯಮ ಹೇರಬಾರದೆಂಬುದು ಅದರಿಂದ ಸಿದ್ಧವಾಗುವುದಿಲ್ಲ. ಭತ್ತದ ಪ್ಲಾಂಟೇಶನ್ ಕೂಡ ಊರಿಗೆಲ್ಲ ಸಂಪತ್ತು ತಂದಿತ್ತು! ಜನ ಒತ್ತಾಯಿಸಿದಲ್ಲಿ ನಿಯಮಗಳು ಬಂದೂ ಇವೆ. 2018ರಲ್ಲಿ ನಗರವು ಮನೆಗಳನ್ನು ಅಲ್ಪಾವಧಿ ವಸತಿಗೃಹಗಳನ್ನಾಗಿ ಮಾಡುವುದಕ್ಕೆ ಕಡಿವಾಣ ಹಾಕಿತು. 2010ರಿಂದ ಈ ಬಂದರನ್ನೇ ನೆಲೆಯಾಗಿಸಿಕೊಂಡಿದ್ದ ವಿಹಾರನೌಕೆಯ ಒಪ್ಪಂದ, ನಿವಾಸಿಗಳ ದೀರ್ಘ ವಿರೋಧದ ನಂತರ, 2024ರ ಕೊನೆಗೆ ಮುಗಿಯಿತು. ಗುಲಾಮರ ಗುಡಿಸಲುಗಳ ಬದಿಯಲ್ಲಿ ಮದುವೆ ಮಾಡಿಸುವ ಪ್ರಚಾರವನ್ನು ಎರಡು ದೊಡ್ಡ ಅಂತರ್ಜಾಲ ಸಂಸ್ಥೆಗಳು 2019ರಲ್ಲಿ ಕೈಬಿಟ್ಟದ್ದೂ ನಾಗರಿಕ ಹಕ್ಕುಗಳ ಸಂಘಟನೆಯ ಒತ್ತಾಯದಿಂದಲೇ.

ಹಾಗಾದರೆ ಹೊರಟು ನಿಂತ ದಂಪತಿ ಏನು ಮಾಡಬೇಕು? ಹೋಗದಿರುವುದೊಂದೇ ದಾರಿಯಲ್ಲ. ಮೊದಲ ದಿನವನ್ನು ಗ್ಯಾಡ್ಸ್‌ಡನ್ ಕಟ್ಟೆಯ ಸಂಗ್ರಹಾಲಯಕ್ಕೆ ಮೀಸಲಿಡಬಹುದು. ಪ್ಲಾಂಟೇಶನ್ ನೋಡಲೇಬೇಕೆಂದರೆ, ದುಡಿದವರ ಬದುಕನ್ನೇ ಮುಂದಿಟ್ಟು ಕಥೆ ಹೇಳುವ, 2015ರಲ್ಲಿ ಸಾರ್ವಜನಿಕರಿಗೆ ತೆರೆದ ಜೇಮ್ಸ್ ದ್ವೀಪದ ಮೆಕ್ಲೌಡ್‌ಗೆ ಹೋಗಬಹುದು. ಗೇಟು ಹಾಕಿದ ತೀರದಲ್ಲಿ ಕೊಠಡಿ ಹಿಡಿಯದಿರಬಹುದು. ಹೆಣೆದವಳ ಕೈಯಿಂದಲೇ, ಕೇಳಿದ ಬೆಲೆಗೆ, ಬುಟ್ಟಿ ಕೊಳ್ಳಬಹುದು. ಜುಲೈ ಬಿಸಿಲಿನಲ್ಲಿ ಕುದುರೆಯನ್ನು ದುಡಿಸುವ ಬದಲು ಮುಂಜಾನೆ ತಮ್ಮ ಕಾಲಲ್ಲೇ ನಡೆಯಬಹುದು. ಅವಿಭಕ್ತ ಭೂಮಿಯ ವಾರಸುದಾರರಿಗೆ ಕಾನೂನು ನೆರವು ನೀಡಲೆಂದು ಚಾರ್ಲ್ಸ್‌ಟನ್ನಿನಲ್ಲಿಯೇ 2005ರಲ್ಲಿ ಹುಟ್ಟಿದ ಕೇಂದ್ರಕ್ಕೆ ಒಂದು ರಾತ್ರಿಯ ಊಟದ ಹಣವನ್ನು ಕೊಡಬಹುದು.

ಈ ಪಾಠ ಮಲೆನಾಡಿನ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ಕೊಡಗು, ಚಿಕ್ಕಮಗಳೂರುಗಳ ಎಸ್ಟೇಟ್ ಬಂಗಲೆಗಳಲ್ಲಿ ವಾರಾಂತ್ಯದ ತಂಪನ್ನು ಮಾರುವ ಜಾಹೀರಾತಿನ ಚಿತ್ರದಲ್ಲಿ ಬಂಗಲೆ ಇರುತ್ತದೆ, ಮಂಜು ಇರುತ್ತದೆ, ಕಾಫಿಯ ಬಟ್ಟಲು ಇರುತ್ತದೆ. ಕೂಲಿಯವರ ಲೈನ್‌ಮನೆ ಇರುವುದಿಲ್ಲ. ಗುಡ್ಡ ಕಡಿದು ಎಬ್ಬಿಸಿದ ವಸತಿಗೃಹದ ಕೆಳಗಿನ ಇಳಿಜಾರಿನಲ್ಲಿ ಮಳೆಗಾಲದ ರಾತ್ರಿ ನಿದ್ದೆಗೆಟ್ಟು ಕೂರುವವರಾರು ಎಂದು ಅತಿಥಿ ಕೇಳುವುದಿಲ್ಲ. ಚಾರ್ಲ್ಸ್‌ಟನ್ನಿಗೆ ಹೋಗಿ ಬಂದ ದಂಪತಿ ಮುಂದಿನ ರಜೆಗೆ ತವರಿನ ಬೆಟ್ಟಕ್ಕೆ ಬಂದಾಗ, ಅಲ್ಲಿ ಕೇಳಲು ಕಲಿತ ಪ್ರಶ್ನೆಯನ್ನು ಇಲ್ಲಿಯೂ ಕೇಳಲಿ: ಈ ತಂಪಿಗಾಗಿ ಕೆಸರಿನಲ್ಲಿ ನಿಂತಿರುವವರು ಯಾರು?